ಭೋಂಗಾದ ಕೀಲಿ

ಟೀವಿಯೊಳಗ ಧಾರಾವಾಹಿ ನಡದಿರತೈತಿ. ಅತ್ತಿ ಸೊಸಿ ಇನ್ನೇನು ಕೈಕೈ ಹತ್ತಬೇಕು, ಅಷ್ಟರಾಗ ಯಾವನೋ ಬಿಳಿ ಅಂಗಿಯಂವ ಕೈಮುಗಕೋತ ಬಂದು ನಿಂತು, "ನಾ ನಿಮ್ಮ ಮನಿಮಗ, ನನಗ ಓಟ ಹಾಕ್ರಿ" ಅಂತಾನ. ನಾ ಎದ್ದು ಟೀವಿ ಬಂದ್ ಮಾಡಿಬಿಡತೇನಿ. ಮನ್ಯಾಗಿನವರು ಬಾಯಿ ಮಾಡತಾರ. "ಜಾಹೀರಾತು ಈಗ ಮುಗೀತೈತಿ ಬಿಡಬೇ, ಯಾಕ ಇಷ್ಟ ಸಿಟ್ಟು?" ಅಂತಾರ. ಸಿಟ್ಟಲ್ಲೋ ಹುಚ್ಚಪ್ಯಾಲಿಗೊಳಿರಾ, ಅದು ನನ್ನ ಹಳೇ ಕೆಲಸ. ಒಂದ ಕಾಲಕ್ಕ ಇಡೀ ಓಣಿಯ ಕಿವಿಯ ಕೀಲಿ ನನ್ನ ಸೊಂಟದಾಗ ಇತ್ತು.

ಇಂಥಾ ಜಾಹೀರಾತು ಸರಕಾರ ಬಂದ್ ಮಾಡಬೇಕೋ ಬ್ಯಾಡೋ ಅಂತ ಪೇಪರದಾಗ ದೊಡ್ಡ ದೊಡ್ಡವರು ವಾದ ಮಾಡತಾರ. ಮಾಡವಲ್ಲರ್ಯಾಕ. ಬನಹಟ್ಟಿಯ ನಮ್ಮ ಓಣಿಯೊಳಗ ಆ ವಾದ ಎಂದೋ ನಡದು ಮುಗದೈತಿ. ನಡಸಿದವರು ಯಾರು? ನಾನು, ಮತ್ತ ನನ್ನ ಒಡಹುಟ್ಟಿದ ಅಣ್ಣ. ಎದರಾಬದರ ನಿಂತು.

ಆಗ ರಾಜರ ಆಳಿಕಿ ಹೋಗಿ ನಾವೆಲ್ಲ ಮುಂಬೈ ಸರಕಾರದ ಕೆಳಗ ಬಂದಿದ್ದಿವಿ. ನನ್ನ ತವರು ತೇರದಾಳ, ಕೊಟ್ಟ ಮನಿ ಬನಹಟ್ಟಿ. ನಮ್ಮದು ನೇಕಾರರ ಓಣಿ. ಮನಿಗೊಂದು ಕುಣಿಮಗ್ಗ, ನೆಲದಾಗ ತೋಡಿದ ಕುಣಿಯೊಳಗ ಕಾಲ ಇಳಿಬಿಟ್ಟ ಕುಂತು ನೇಯೋ ಮಗ್ಗ. ಗಂಡಸರು ನೇಯತಿದ್ದರು, ಹೆಂಗಸರು ರಾಟಿ ಮುಂದ ಕುಂತು ನೂಲು ಸುತ್ತತಿದ್ದಿವಿ. ಮುಂಜಾನಿಂದ ಸಂಜೀತನಕ ಓಣಿ ತುಂಬ ಖಟ್-ಖಟ್, ಖಟ್-ಖಟ್. ಬೀಗರಿಗೆ ಆ ಸಪ್ಪಳಕ್ಕ ತಲಿ ನೋಯತಿತ್ತು, ನಮಗ ಅದು ನಿಂತ್ರ ತಲಿ ನೋಯತಿತ್ತು.

ಅಂಥಾ ಓಣಿ ರೇಡಿಯೋ ತಂದದ್ದು ಹೆಂಗ ಅಂತೀರಿ? ಯಾವ ಸಾಹುಕಾರನೂ ಕೊಡಸಲಿಲ್ಲ, ಯಾವ ಸರಕಾರನೂ ಕೊಡಸಲಿಲ್ಲ. ಮಗ್ಗಕ್ಕೊಂದು ಸೀರಿ ಅಂತ ಮಾತಾತು. ಎಲ್ಲಾರೂ ತಮ್ಮ ತಮ್ಮ ಕೆಲಸ ಮುಗಿಸಿ, ಮ್ಯಾಲ ಒಂದೊಂದು ಸೀರಿ ಓಣಿ ಹೆಸರಿಲೆ ನೇದರು. ಕಣ್ಣ ಕಾಣದ ಮುದುಕನ ಮಗ್ಗದಿಂದಾನೂ ಸೀರಿ ಬಂತು, ಅವನ ಸೊಸಿ ಕುಣ್ಯಾಗ ಇಳದು ನೇದಿದ್ದಳು. ಆ ಗಂಟು ಹೊತಗೊಂಡು ಹಿರೇರು ಕೊಲ್ಲಾಪುರಕ್ಕ ಹೋದರು. ಬರುವಾಗ ಒಂದು ರೇಡಿಯೋ, ಒಂದು ಮೈಕು, ಕಲ್ಲಿನಂಥಾ ಭಾರದ ಬ್ಯಾಟ್ರಿ, ಮತ್ತ ದನಿ ಓಣಿ ತುಂಬ ಒಯ್ಯೋ, ಧತ್ತೂರಿ ಹೂವಿನಂಥಾ ದೊಡ್ಡ ಭೋಂಗಾ ತಂದರು. ಭೋಂಗಾನ್ನ ನಮ್ಮ ಮನಿ ಮುಂದಿನ ಬೇವಿನ ಗಿಡಕ್ಕ ಬಿಗದು ಕಟ್ಟಿದರು. ರೇಡಿಯೋ ನಮ್ಮ ಪಡಸಾಲ್ಯಾಗ, ಕಟಗಿ ಪೆಟ್ಟಿಗ್ಯಾಗ, ಕೀಲಿ ಹಾಕಿ. ಬ್ಯಾಟ್ರಿ ಸತ್ತಾಗ ಬಸ್ಸಿನ್ಯಾಗ ಜಮಖಂಡಿಗೆ ಒಯ್ದು ಜೀವ ತುಂಬಿಸಿಕೊಂಡು ಬರಬೇಕಾಗತಿತ್ತು.

ಆ ಪೆಟ್ಟಿಗಿ ಕೀಲಿ ಯಾರ ಕಡೆ ಇರಬೇಕು? ಗಂಡಸರಾಗ ಜಗಳ ಹತ್ತಿತು. ಒಬ್ಬಂಗ ಭಜನಿ ಬೇಕು, ಒಬ್ಬಂಗ ಸಿನಿಮಾ ಹಾಡು ಬೇಕು, ಒಬ್ಬಂಗ ಪ್ಯಾಟಿ ಧಾರಣಿ ಬೇಕು. ನಮ್ಮ ಮಾವ ಓಣಿಗೆ ಹಿರೇ ಮನಿಷ್ಯಾ. ಎಲ್ಲಾ ಕೇಳಿ ಕೇಳಿ ಸಾಕಾಗಿ ಅವರು, "ನಮ್ಮ ಸೊಸಿ ಕೈಯಾಗ ಕೊಡ್ರಪಾ. ಜಗಳಗಂಟಿ ಅದಾಳ, ಯಾರ ಮುಲಾಜೂ ಇಟ್ಟಕೊಳ್ಳೂದಿಲ್ಲ" ಅಂದರು. ಎಲ್ಲಾರೂ ಹೋ ಅಂತ ನಕ್ಕರು. ನಾ ಬಾಗಲ ಹಿಂದ ನಿಂತು ಕೇಳಿದೆ. ಅದು ಬೈಗಳೋ ಹೊಗಳಿಕಿಯೋ ತಿಳೀಲಿಲ್ಲ. ಆದ್ರ ಕೀಲಿ ಸೊಂಟಕ್ಕ ಸಿಗಿಸಿಕೊಂಡಾಗ ಎದಿ ಉಬ್ಬಿದ್ದು ಖರೆ.

ರೇಡಿಯೋ ಬಂದ ಹೊಸದಾಗ ಒಂದು ಫಜೀತಿ ಆತು. ಅಂಥಾ ಫಜೀತಿ ನೇಕಾರರ ಓಣಿಯೊಳಗ ಅಷ್ಟ ಆಗಲಿಕ್ಕೆ ಸಾಧ್ಯ. ಓಣಿ ಮಂದಿ ಗಂಟಬಿದ್ದರು ಅಂತ ನಾ ಕೆಲಸದ ಹೊತ್ತಿನ್ಯಾಗ ಕುಣಿಯೋ ಹಾಡು ಹಚ್ಚಿಬಿಟ್ಟೆ. ಓಣಿ ತುಂಬ ಖುಷಿಯೋ ಖುಷಿ. ಆದ್ರ ಹಾಡಿನ ತಾಳ ಯಾವಾಗ ಗಂಡಸರ ಕಾಲಿಗೆ ಇಳೀತೋ ಯಾರಿಗೂ ತಿಳೀಲಿಲ್ಲ. ಲಾಳಿ ಓಡಿದ್ದ ಓಡಿದ್ದು, ಎಳಿ ಒತ್ತೋ ಹಣಗಿ ಬಡದದ್ದು ಹಗರಕ. ಸಂಜಿಗೆ ಸೀರಿ ಬಿಚ್ಚಿ ಬೆಳಕಿಗೆ ಹಿಡದ್ರ ಜಾಳ! ಆಚೀಕಡೆ ನಿಂತವರ ಮಾರಿ ಕಾಣತೈತಿ! ವ್ಯಾಪಾರಿ ಆ ಸೀರಿ ಅಷ್ಟೂ ಹೊಳ್ಳಿ ಕಳಿಸಿದ. "ಇದು ಸೀರಿಯೋ, ಸೊಳ್ಳಿ ಪರದೇವೋ?" ಅಂತ ಕೇಳಿದನಂತ.

ಮಾವ ಅಂದು ಜಾಳ ಸೀರಿ ತೊಡಿ ಮ್ಯಾಲ ಹಾಸಿಕೊಂಡು ಬೆರಳ ತೂರಿಸಿ ನೋಡಿದರು. ಆಮ್ಯಾಲೆ ಅಂದರು: "ಕಿವೀಗಿ ಬಿದ್ದದ್ದು ನಮ್ಮನ್ನ ಕೇಳಲಾರದ ಕೈಗಿ ಇಳೀತೈತಿ ನೋಡವ್ವಾ. ಕಣ್ಣ ಮುಚ್ಚಬಹುದು, ಬಾಯಿ ಮುಚ್ಚಬಹುದು. ಕುಣ್ಯಾಗ ಕುಂತ ನೇಕಾರ ಕಿವಿ ಹೆಂಗ ಮುಚ್ಚತಾನ? ಎರಡೂ ಕೈ ಮಗ್ಗದ ಮ್ಯಾಲ ಇರತಾವ." ಅವತ್ತಿಂದ ಓಣಿ ನೇಮ ಆತು. ಕೆಲಸದ ಹೊತ್ತಿನ್ಯಾಗ ಸುದ್ದಿ, ಧಾರಣಿ, ಸಾವಕಾಶ ಹಾಡೋ ಹಾಡು, ಇಷ್ಟ. ಮೈಕು ಹಿಡಿಯೋದು ಸಾವಿಗೆ, ನೀರಿಗೆ, ಕಳಕೊಂಡ ಕೂಸಿಗೆ. ಮತ್ಯಾವುದಕ್ಕೂ ಇಲ್ಲ.

ಅಷ್ಟರಾಗ ಚುನಾವಣಿ ಬಂತು. ನಮ್ಮ ಜನ್ಮದಾಗ ಮೊದಲನೇದು. ಹೆಣ್ಣಮಕ್ಕಳಿಗೂ ಓಟ ಐತಿ ಅಂದಾಗ ನಮ್ಮ ಅತ್ತಿ, "ಅಯ್ಯ ಶಿವನ, ನಾವ್ಯಾಕ ಬೇಕವ್ವಾ ಅವರಿಗೆ?" ಅಂತ ಗಲ್ಲ ಬಡಕೊಂಡಿದ್ದರು. ನಿಂತವರಾಗ ಗೆಲ್ಲೋವಂಗ ಕಾಣತಿದ್ದವರು ಇಬ್ಬರು. ಒಬ್ಬಂವ ಸಾಹುಕಾರ, ಮೋಟರ ಇದ್ದಂವ, ಅವನ ಗುರ್ತು ತಕ್ಕಡಿ. ಇನ್ನೊಬ್ಬಂವ ನನ್ನ ಅಣ್ಣ, ಗುರ್ತು ಏಣಿ.

ನನ್ನ ಅಣ್ಣನ ಮಾತು ಹೇಳಬೇಕು. ರಾಜರ ಕಾಲದಾಗ ರೈತರ ಪರವಾಗಿ ಮಾತಾಡಿ ಲಾಠಿ ತಿಂದಂವ ಅಂವ. ಬೆನ್ನ ಮ್ಯಾಲಿನ ಬಾಸುಂಡಿಗೆ ನಾನ ಅರಿಶಿಣ ಹಚ್ಚೇನಿ. ಅವ್ವ ಅಪ್ಪ ಹೋದ ಮ್ಯಾಲ ನನಗ ತವರು ಅಂದ್ರ ಅವನ. ಪ್ರತಿ ವರ್ಷ ನಾಗರ ಪಂಚಮಿಗೆ ಉಂಡಿ ಗಂಟು ಹಿಡಕೊಂಡು ಕರಿಯಾಕ ಬರತಿದ್ದ. ನಮ್ಮ ಕಡೆ ಪಂಚಮಿಗೆ ಅಣ್ಣ ಕರಿಯಾಕ ಬಂದ್ರ ಹೆಣ್ಣಿಗೆ ತವರು ಐತಿ ಅಂತ ಅರ್ಥ. ಬರಲಿಲ್ಲ ಅಂದ್ರ ಆಕಿ ಹಬ್ಬದ ದಿನ ಒಲಿ ಮುಂದ ಕುಂತು ಹೊಗಿ ನೆವ ಮಾಡಿ ಕಣ್ಣ ಒರಸಕೋಬೇಕು. ಇಷ್ಟ ತಿಳಕೊಂಡ್ರ ಮುಂದಿನದು ತಿಳೀತೈತಿ.

ಮೊದಲ ಬಂದದ್ದು ಸಾಹುಕಾರನ ಮನಿಷ್ಯಾ. ಅವತ್ತಿಗೆ ನಮ್ಮ ಬ್ಯಾಟ್ರಿ ಸಾಯಾಕ ಬಂದಿತ್ತು. ಜಮಖಂಡಿಯಂವ, ಇದಕ್ಕ ಇನ್ನ ಜೀವ ತುಂಬಾಕ ಬರೂದಿಲ್ಲ, ಹೊಸದು ತರ್ರಿ ಅಂದಿದ್ದ. ಅದು ಹೆಂಗೋ ಅವರಿಗೆ ಸುದ್ದಿ ಮುಟ್ಟಿತ್ತು. ಹೊಸ ಬ್ಯಾಟ್ರಿ ತಂದು ಕಟ್ಟಿ ಮ್ಯಾಲ ಇಟ್ಟು, "ಬಾಯಾರ, ಇದು ಓಣಿಗೆ ಇರಲಿ. ನೀವೇನೂ ಮಾಡಬ್ಯಾಡ್ರಿ, ಮುಂಜಾನಿ ಒಂದ ಸರತಿ, ಸಂಜಿಗೊಂದ ಸರತಿ ತಕ್ಕಡಿ ಅಂತ ಕೂಗ್ರಿ ಸಾಕು" ಅಂದ. "ತಕ್ಕಡಿ ಕೂಗೋದಿದ್ರ ಸಂತ್ಯಾಗ ಕೂಗು ಹೋಗಪಾ" ಅಂದೆ. ಬ್ಯಾಟ್ರಿ ಹೊತಗೊಂಡು ಬಂದ ದಾರಿ ಹಿಡದ. ಇಡೀ ಓಣಿ ನಕ್ಕಿತು. ನನಗೂ ಭಾರಿ ಹೆಮ್ಮಿ ಆತು. ಪರರ ಕೂಡ ನಿಷ್ಠುರ ಆಗೋದು ಸೋವಿ ಅಂತ ಆಗ ಗೊತ್ತಿರಲಿಲ್ಲ.

ವಾರ ಕಳೀಲಿಲ್ಲ, ಅಣ್ಣ ಬಂದ. ಅವನ ಹೆಗಲ ಮ್ಯಾಲೂ ಒಂದು ಬ್ಯಾಟ್ರಿ! ತೇರದಾಳದಾಗ ಯಾರ ಕಡೆಯಿಂದಲೋ ಕೈಕಡ ಇಸಕೊಂಡು ತಂದಿದ್ದ. ಕಾಲಾಗಿನ ಚಪ್ಪಲಿ ಹರದು ಹಗ್ಗ ಕಟ್ಟಿದ್ದ. ಗಲಗಲಿ ಮಟ ನಡದು ಹೋಗಿ ಹೊಳಿ ದಂಡಿ ಹಳ್ಳಿಗೊಳಾಗ ಪ್ರಚಾರ ಮಾಡಿ ಬಂದಿದ್ದನಂತ. ಅವನ ಮಾರಿ ನೋಡಿ ಮೊದಲ ಕಾಲಿಗೆ ನೀರು ಕೊಟ್ಟೆ. "ಕುಂಡರು, ಬಿಸಿ ರೊಟ್ಟಿ ಬಡೀತೇನಿ" ಅಂತ ಒಳಗ ಹೋದೆ. ರೇಡಿಯೋ ಪೆಟ್ಟಿಗಿ ತೆರದ ಇತ್ತು, ಮುಂಜಾನಿ ಸುದ್ದಿ ಆಗಷ್ಟ ಮುಗದಿತ್ತು.

ನಾ ಹಿಟ್ಟಿನ್ಯಾಗ ಕೈ ಇಟ್ಟೇನಿ, ಹೊರಗ ಭೋಂಗಾ ಗುಡಗಿತು. ಅಣ್ಣನ ದನಿ! ತನ್ನ ಬ್ಯಾಟ್ರಿ ಜೋಡಿಸಿ, ಮೈಕು ಹಿಡದು, ಹಾಡಿನಂಗ ಕಟ್ಟಿಕೊಂಡು ಬಂದದ್ದು ಹೇಳಾಕತ್ತಿದ್ದ. "ಏಣಿಗ ಹಾಕ್ರಿ, ಏಣಿಗ ಹಾಕ್ರಿ, ಬಡವರ ಏಣಿಗ ಹಾಕ್ರಿ." ಛಲೋ ಇತ್ತು ಕೇಳಾಕ. ನಾನೂ ರೊಟ್ಟಿ ಬಡಕೋತ ಒಳಗ ನಕ್ಕೆ. ಆಮ್ಯಾಲೆ ಒಮ್ಮಿಗೆಲೆ ನನ್ನ ಕೈ ನೋಡಿದೆ. ರೊಟ್ಟಿ ಬಡಿಯೋದೂ ಅದ ತಾಳದಾಗ! ಕಿವಿ ಕೊಟ್ಟು ಕೇಳಿದ್ರ ನಮ್ಮ ಮಗ್ಗ, ಬಾಜೂಕಿನ ಮಗ್ಗ, ಆಚೀ ಸಾಲಿನ ಮಗ್ಗ, ಓಣಿ ತುದೀತನಕ ಎಲ್ಲಾ ಮಗ್ಗ ಒಂದ ತಾಳ ಹಿಡದಾವ. ಏಣಿಗ-ಖಟ್, ಏಣಿಗ-ಖಟ್. ಒಬ್ಬರೂ ತಲಿ ಎತ್ತಿಲ್ಲ, ಒಬ್ಬರೂ ವಿಚಾರ ಮಾಡಿಲ್ಲ. ಬರೇ ಕೈ ನಡದಾವ.

ನನಗ ಜಾಳ ಸೀರಿ ನೆನಪಾತು. ಖರೆ ಹೇಳತೇನಿ, ಅಂಜಿಕಿ ಬಂತು. ಇದ ಕೈ ನಾಳಿ ಓಟಿನ ಚೀಟಿ ಹಿಡಿಯೋ ಕೈ ಅಲ್ಲೇನು? ಹಿಟ್ಟಿನ ಕೈಲೇ ಹೋಗಿ ಗುಂಡಿ ತಿರುವಿ ಬಂದ್ ಮಾಡಿದೆ. ಪೆಟ್ಟಿಗಿ ಮುಚ್ಚಿ ಕೀಲಿ ಹಾಕಿದೆ.

ಅಣ್ಣ ಮೈಕು ಹಿಡಕೊಂಡ ನಿಂತ. "ಯಾಕವ್ವಾ, ಕೆಟ್ಟತೇನು?" ಅಂದ.

"ಕೆಟ್ಟಿಲ್ಲಣ್ಣ. ಕೆಡಬಾರದು ಅಂತ ಬಂದ್ ಮಾಡೇನಿ. ಇದರಾಗ ಓಟಿನ ಮಾತು ಆಡಾಂಗಿಲ್ಲ."

ಅವನ ಮಾರಿ ಕೆಂಪಗಾತು. ಅಂವ ಕೇಳಿದ್ದು ಹುಚ್ಚ ಮಾತಲ್ಲ, ಅದನ್ನೂ ಹೇಳಬೇಕು. "ಅವಂಗ ಮೋಟರ ಐತಿ. ಮೋಟರಿನ ಮ್ಯಾಲ ಅವನದ ಭೋಂಗಾ ಐತಿ. ನನಗೇನೈತಿ? ಹರಕ ಚಪ್ಪಲಿ ಐತಿ. ನೀ ಎಲ್ಲಾರಿಗೂ ಬಂದ್ ಅಂದ್ರ ಅದು ಬಡವಂಗಷ್ಟ ಬಂದ್ ಆಗತೈತಿ ತಂಗೀ. ಮಂತ್ರಿ ರೇಡಿಯೋದಾಗ ಮಾತಾಡಿದ್ರ ಅದು ಸುದ್ದಿ, ನಿಮ್ಮಣ್ಣ ಮಾತಾಡಿದ್ರ ಅದು ಜಾಹೀರಾತ?"

ನಾ ಇಷ್ಟ ಅಂದೆ: "ಕಟ್ಟಿ ಮ್ಯಾಲ ನಿಂತು ನಿನ್ನ ದನೀಲೆ ಮಾತಾಡು. ಮಗ್ಗ ನಿಲ್ಲಸಿ ಬರ್ರಿ ಅಂತ ಓಣಿಗೆ ನಾನ ಹೇಳತೇನಿ. ಕೇಳಾಂವ ಎದ್ದು ಬರಲಿ, ಬ್ಯಾಡಾದಂವ ಎದ್ದು ಹೋಗಲಿ. ಕುಣ್ಯಾಗ ಕುಂತವನ ಕಿವ್ಯಾಗ ಸುರೀಬ್ಯಾಡ. ನಿನಗ ಬಿಟ್ಟ್ರ ನಾಳಿ ಅವನೂ ಬರತಾನ."

"ನಾ ಅವನೂ ಒಂದ ಏನು ನಿನಗ?"

"ಭೋಂಗಾಕ್ಕ ಒಂದ."

ಆ ಮಾತು ಅವಂಗ ಲಾಠಿಗಿಂತ ಜೋರ ಬಡೀತು. ಬ್ಯಾಟ್ರಿ ಹೆಗಲಿಗೆ ಏರಿಸಿದ. ತಾಟಿನ್ಯಾಗ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮಸರು ಹಂಗ ಇತ್ತು. ಹೊಸ್ತಿಲ ದಾಟಿ ಹೊಳ್ಳಿ ನೋಡಿ, "ಇನ್ನ ಮ್ಯಾಲ ಪಂಚಮಿಗೆ ಆ ಭೋಂಗಾನ ಬಂದು ನಿನ್ನ ಕರಕೊಂಡ ಹೋಗಲಿ" ಅಂದ. ಹೋದ. ನಮ್ಮ ಮನ್ಯಾಗ ಉಣ್ಣಲಾರದ ಹೋದದ್ದು ಅದ ಮೊದಲು. ನಾ ತಾಟಿನ ಮುಂದ ಕುಂತು ಗಳಗಳ ಅತ್ತೆ. ಆದ್ರ ಕೀಲಿ ಸೊಂಟದಾಗ ಇತ್ತು, ತಗೀಲಿಲ್ಲ.

ಆಮ್ಯಾಲೆ ನಮ್ಮ ಬ್ಯಾಟ್ರಿ ಸತ್ತ ಹೋತು. ಭೋಂಗಾ ಮೂಕಾತು. ಓಣಿಯೊಳಗ ಒಬ್ಬರರ ನನಗ, "ಎರಡೆರಡು ಬ್ಯಾಟ್ರಿ ಬಾಗಲಿಗೆ ಬಂದಿದ್ದು, ಹೊಳ್ಳಿ ಕಳಿಸಿದೆಲ್ಲ" ಅಂದಿದ್ರ ನಾ ಏನು ಹೇಳತಿದ್ದೆನೋ. ಅನ್ನಲಿಲ್ಲ. ನನ್ನ ಗಂಡ ಮಾತು ಕಮ್ಮಿ ಇದ್ದಂವ, "ಗಿಡದಾಗ ಗುಬ್ಬಿ ದನಿ ಕೇಳಾಕತ್ತೈತಿ, ಛಲೋ ಆತು" ಅಂದ. ಅಷ್ಟ.

ಅಣ್ಣ ಹೇಳಿದಂಗ ಸಾಹುಕಾರನ ಮೋಟರ ಓಣಿಯೊಳಗ ಬಂತು. ಟಪ್ಪಿನ ಮ್ಯಾಲ ಭೋಂಗಾ. ತಕ್ಕಡಿ, ತಕ್ಕಡಿ, ತಕ್ಕಡಿ. ಈಗ ಏನ ಮಾಡೋದು? ಅವನ ಭೋಂಗಾದ ಕೀಲಿ ನನ್ನ ಕಡೆ ಇಲ್ಲ. ನಾ ಕುಣಿ ದಂಡಿಗೆ ಹೋಗಿ, "ಮಾವಾ, ಕೈಗಿ ಇಳಿಯಾಕತ್ತೈತಿ" ಅಂದೆ. ಮಾವ ಕಾಲ ಎತ್ತಿಬಿಟ್ಟರು. ಮಗ್ಗ ನಿಂತಿತು. ನಮ್ಮ ಓಣಿಯೊಳಗ ಹಗಲ ಹೊತ್ತು ಮಗ್ಗ ನಿಲ್ಲಸೋದು ಒಂದಕ್ಕ ಮಾತ್ರ, ಹೆಣ ಹೋಗುಮುಂದ. ಹಿರೇರ ಮಗ್ಗ ನಿಂತದ್ದು ಕೇಳಿ ಬಾಜೂಕಿನಂವ ನಿಲ್ಲಸಿದ, ಅವಂದು ನಿಂತದ್ದು ಕೇಳಿ ಆಚೀಯಂವ ನಿಲ್ಲಸಿದ. ಮೋಟರ ಓಣಿ ತುದಿ ಮುಟ್ಟೂದರಾಗ ಎಲ್ಲಾ ಕಡೆ ಸ್ಮಶಾನ ಮೌನ. ಕೈ ಕಟಗೊಂಡು ಕುಂತ ಓಣಿಯೊಳಗ ತಕ್ಕಡಿಗೆ ಇಳಿಯಾಕ ಒಂದು ಕೈ ಸಿಗಲಿಲ್ಲ. ಮೋಟರಿನ್ಯಾಗಿದ್ದಂವ ಏನ ತಿಳಕೊಂಡ ಗೊತ್ತೇನು? ಇಳದು ಬಂದು ಕೈಮುಗದು, "ನಮ್ಮ ಮ್ಯಾಲಿನ ಗೌರವಕ್ಕ ಕೆಲಸಾನ ನಿಲ್ಲಿಸಿದಿರಿ, ನಿಮ್ಮ ಉಪಕಾರ ಮರಿಯೂದಿಲ್ಲ" ಅಂದ! ಮಾವ ಭಾಳ ಗಂಭೀರ ಆಗಿ, "ಹೋಗಿ ಬರ್ರಿ, ಸಾವಕಾಶ ಒಯ್ರಿ" ಅಂದರು. ಮೋಟರ ಹೋದ ಮ್ಯಾಲ ಓಣಿ ನಕ್ಕದ್ದು ರಬಕವಿತನಕ ಕೇಳಿರಬೇಕು.

ಓಟಿನ ದಿನ ನಾವು ಹೆಣ್ಣಮಕ್ಕಳು ಮಡಿ ಸೀರಿ ಉಟ್ಟು ಹೋದಿವಿ. ಹೆಸರು ಕೇಳಿದಾಗ ಇಂಥಾವನ ಹೇಂತಿ ಅಂತ ಹೇಳಲಿಲ್ಲ, ನನ್ನ ಹೆಸರು ನಾನ ಹೇಳಿದೆ. ಒಳಗ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಪೆಟ್ಟಿಗಿ, ಮ್ಯಾಲ ಗುರ್ತಿನ ಚಿತ್ರ. ಪರದೆ ಹಿಂದ ನಾನೊಬ್ಬಾಕಿ. ಕಿವ್ಯಾಗ ಯಾವ ಹಾಡೂ ಇರಲಿಲ್ಲ. ಸಾವಕಾಶ ವಿಚಾರ ಮಾಡಿ ಚೀಟಿ ಹಾಕಿದೆ. ಆ ಸಮಾಧಾನ ನೆನಸಿಕೊಂಡ್ರ ಈಗೂ ಮೈ ಹಗರ ಆಗತೈತಿ.

ಅಣ್ಣ ಸೋತ. ಭಾಳ ಅಂತರ ಇರಲಿಲ್ಲ ಅಂದರು. ಅದು ಇನ್ನೂ ಕೆಟ್ಟ, ಯಾಕಂದ್ರ ಅಷ್ಟ ಅಂತರ ತುಂಬಾಕ ಒಂದು ಓಣಿಯ ಓಟ ಸಾಕಾಗತಿತ್ತು. ಯುಗಾದಿ ಬಂತು, ಹೋತು. ಕಾರಹುಣ್ಣಿಮಿ ಬಂತು, ಹೋತು. ತೇರದಾಳದಿಂದ ಒಂದ ಸುದ್ದಿ ಇಲ್ಲ. ಇತ್ತ ಓಣಿ ಸುಮ್ಮ ಕುಂತಿರಲಿಲ್ಲ. ಮಗ್ಗಕ್ಕೊಂದು ಪಂಚೆ ಅಂತ ಮತ್ತ ನೇದರು, ಮಾರಿ ಹೊಸ ಬ್ಯಾಟ್ರಿ ತಂದರು. ಭೋಂಗಾ ಮತ್ತ ಮಾತಾಡಿತು. ಯಾರ ಹಂಗೂ ಇಲ್ಲದ ಮಾತಾಡಿತು.

ಪಂಚಮಿ ವಾರದಾಗ ಗೆದ್ದವನ ಮನಿಷ್ಯಾ ಮತ್ತ ಬಂದ, ಹಳೇ ಪರಿಚಯ. "ಬಾಯಾರ, ಈಗ ಚುನಾವಣಿ ಇಲ್ಲ, ಪಕ್ಷ ಇಲ್ಲ. ನಮ್ಮ ಸಾಹೇಬರು ಎಲ್ಲಾ ತಂಗೇರಿಗೂ ಹಬ್ಬದ ಶುಭಾಶಯ ಹೇಳಬೇಕಂತಾರ. ನಿಮ್ಮ ಅಣ್ಣನಿಂದ ಪಂಚಮಿ ಶುಭಾಶಯ ಅಂತ ಒಂದ ಮಾತು ಭೋಂಗಾದಾಗ ಬಿಟ್ರ ಆತು" ಅಂದ.

ನನ್ನ ನೆತ್ತಿಗೆ ಏರಿತು. ಓಣಿ ಅಷ್ಟೂ ಕೇಳೋಹಂಗ ಅಂದೆ: "ಏ ಭಾಡ್ಯಾ! ಭೋಂಗಾದಾಗ ಬರೂ ಅಣ್ಣ ನನಗ ಬ್ಯಾಡ. ನನಗೊಬ್ಬ ಅಣ್ಣ ಅದಾನ. ಕಾಲಿಲೆ ನಡದು ಬರಾಂವ, ಬೆನ್ನ ಮ್ಯಾಲ ಬಾಸುಂಡಿ ಇದ್ದಂವ. ಅವಂಗ ಕೊಡಲಾರದ್ದು ನಿನಗ ಕೊಡತೇನೇನು?"

ಸಂತಿಗೆ ಬಂದವರ ಬಾಯಾಗ ಆ ಮಾತು ತೇರದಾಳಕ್ಕ ಹೋತು.

ಪಂಚಮಿ ಹಿಂದಿನ ದಿನ. ಓಣಿಯೊಳಗ ಒಬ್ಬೊಬ್ಬರ ಅಣ್ಣ ತಮ್ಮ ಬರೋದು, ಆ ಹೆಣ್ಣಮಕ್ಕಳು ಸೀರಿ ಸೆರಗು ಸರಿ ಮಾಡಕೊಂಡು ನಗಕೋತ ಹೋಗೋದು. ನಾ ನೋಡೇ ಇಲ್ಲ ಅನ್ನೋವಂಗ ರಾಟಿ ತಿರುವಕೋತ ಕುಂತಿದ್ದೆ. ನೂಲು ಮ್ಯಾಲಿಂದ ಮ್ಯಾಲ ಹರಿಯಾಕತ್ತಿತ್ತು. ಬಾಗಲಾಗ ನೆರಳು ಬಿತ್ತು. ತಲಿ ಎತ್ತಲಿಲ್ಲ, ಹಗ್ಗ ಕಟ್ಟಿದ ಚಪ್ಪಲಿ ನೋಡಿದೆ.

ಅಣ್ಣ ಉಂಡಿ ಗಂಟು ಕೆಳಗಿಟ್ಟು ಕುಂತ. ನಾ ರೊಟ್ಟಿ ತಂದಿಟ್ಟೆ. ಒಂದ ತುತ್ತು ತಿಂದು ಅಂದ: "ಅವಂಗೂ ಕೊಡಲಿಲ್ಲಂತಲ್ಲ."

"ನಿನಗ ಕೊಟ್ಟಿದ್ರ ಅವಂಗ ಇಲ್ಲ ಅನ್ನಾಕ ನನಗ ಬಾಯಿ ಎಲ್ಲಿರತಿತ್ತು?"

ಇನ್ನೊಂದು ರೊಟ್ಟಿ ಇಸಕೊಂಡ. ನನ್ನ ಮಾರಿ ನೋಡಲಾರದ ಕೇಳಿದ. "ಸಿಟ್ಟಾಗಬ್ಯಾಡ. ಓಟ ಯಾರಿಗೆ ಹಾಕಿದಿ?"

"ಭೋಂಗಾ ಓಣೀದಿತ್ತಣ್ಣ, ಅದಕ್ಕ ಕೊಡಲಿಲ್ಲ. ಓಟ ನಂದಿತ್ತು. ಅದನ್ನ ಏಣಿ ಪೆಟ್ಟಿಗ್ಯಾಗ ಹಾಕೇನಿ."

ಲಾಠಿ ತಿಂದಾಗ ಅಳಲಾರದಂವ ಅವತ್ತು ರುಮಾಲಿನ ಚುಂಗು ಕಣ್ಣಿಗೆ ಒತ್ತಿಕೊಂಡ. ನಾನೂ ಅತ್ತೆ, ಮರ್ಯಾದಿ ಏನ ಬಂತು ಅದರಾಗ.

ಹೊಂಡು ಹೊತ್ತಿಗೆ ಕೀಲಿ ತಗದು ಮಾವನ ಮುಂದ ಇಟ್ಟೆ. ನಾ ಹೋಗೋದು ಓಟಿಗೆ ನಿಂತವನ ಮನೀಗಿ, ಕೀಲಿ ಓಣಿಯೊಳಗ ಇರಲಿ ಅಂತ. ಮಾವ ಕುಣಿಯಿಂದ ಎದ್ದು ಬಂದು ಅದನ್ನ ಎತ್ತಿ ಹೊಳ್ಳಿ ನನ್ನ ಕೈಯಾಗ ಇಟ್ಟರು. "ತಗೊಂಡ ಹೋಗವ್ವಾ. ನೀ ಬರೂತನ ಓಣಿ ಸುಮ್ಮ ಇರತೈತಿ" ಅಂದರು. ಅಣ್ಣನ ಮುಂದನ ಅಂದರು.

ಕೀಲಿ ಸೊಂಟಕ್ಕ ಸಿಗಿಸಿಕೊಂಡು ನಾ ಅಣ್ಣನ ಹಿಂದ ತವರಿಗೆ ನಡದೆ.